ಸಹಿ ಹಾಕುವ ಮೊದಲು: ಆಸ್ಪತ್ರೆಯಲ್ಲಿ ರೋಗಿಯ ಹಕ್ಕು, ನರ್ಸ್‌ಗಳ ಕರ್ತವ್ಯ



ಸಂಘದ ನಿರ್ಣಯ ಪುಸ್ತಕಕ್ಕೆ ಸಹಿ ಹಾಕುವುದನ್ನು ನಾವೆಲ್ಲ ಕಲಿತಿದ್ದೇವೆ. ನಿರ್ಣಯವನ್ನು ಓದಿ ಹೇಳದೆ ಯಾವ ಸದಸ್ಯೆಯೂ ಸಹಿ ಮಾಡುವುದಿಲ್ಲ. ಬ್ಯಾಂಕಿಗೆ ಹೋದರೂ ‘ಬಡ್ಡಿ ಎಷ್ಟು, ಕಂತು ಎಷ್ಟು, ಎಷ್ಟು ತಿಂಗಳು’ ಎಂದು ಮ್ಯಾನೇಜರನ್ನೇ ಕೇಳುವ ಧೈರ್ಯ ಬಂದಿದೆ. ಆದರೆ ಆಸ್ಪತ್ರೆಯಲ್ಲಿ ಏನು ಮಾಡ್ತೇವೆ? ನರ್ಸ್ ಒಂದು ಕಾಗದ ತಂದು ‘ಇಲ್ಲಿ ಸಹಿ ಹಾಕಿ’ ಅಂದರೆ ಹಾಕಿಬಿಡ್ತೇವೆ. ಅದರಲ್ಲಿ ಏನು ಬರೆದಿದೆ ಅಂತ ಕೇಳುವುದಿಲ್ಲ. ಎಷ್ಟೋ ಸಲ ಗಂಡನೋ ಮಗನೋ ಸಹಿ ಹಾಕಿರುತ್ತಾರೆ, ಆಪರೇಶನ್ ಆಗುವವಳಿಗೆ ಗೊತ್ತೇ ಇರುವುದಿಲ್ಲ. ಐದು ಸಾವಿರ ರೂಪಾಯಿ ಸಾಲಕ್ಕೆ ಹತ್ತು ಪ್ರಶ್ನೆ ಕೇಳುವ ನಾವು ನಮ್ಮ ಶರೀರದ ವಿಷಯದಲ್ಲಿ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಆ ಕಾಗದಕ್ಕೆ ಒಪ್ಪಿಗೆ ಪತ್ರ ಎಂದು ಹೆಸರು. ಈ ಪಾಠದಲ್ಲಿ ಅದರ ಬಗ್ಗೆ ತಿಳಿದುಕೊಳ್ಳೋಣ. ನಮ್ಮ ಮಹಿಳೆಯರಿಗೆ ಹತ್ತಿರವಾದ ಒಂದು ಉದಾಹರಣೆ ತೆಗೆದುಕೊಳ್ಳುತ್ತೇನೆ. ಅದು ಗರ್ಭಕೋಶ ತೆಗೆಯುವ ಆಪರೇಶನ್.

ನಮ್ಮ ರಾಜ್ಯದಲ್ಲಿ ಏನಾಯಿತು?

2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳಿಂದ ಮತ್ತು ಹಳ್ಳಿಗಳಿಂದ ಒಂದು ಸುದ್ದಿ ಹೊರಬಂತು. ಹೊಟ್ಟೆನೋವು, ಸೊಂಟನೋವು, ಬಿಳಿ ಸೆರಗು ಎಂದು ಖಾಸಗಿ ಆಸ್ಪತ್ರೆಗೆ ಹೋದ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳ ಗರ್ಭಕೋಶವನ್ನೇ ತೆಗೆದುಹಾಕಿದ್ದರು. ಅವರಲ್ಲಿ ಅನೇಕರಿಗೆ ಇನ್ನೂ ನಲವತ್ತು ವರ್ಷ ಆಗಿರಲಿಲ್ಲ. ‘ತೆಗೆಯದಿದ್ದರೆ ಕ್ಯಾನ್ಸರ್ ಆಗ್ತದೆ’ ಎಂದು ಹೆದರಿಸಿದ್ದರು ಎಂದು ಆ ಮಹಿಳೆಯರು ಹೇಳಿದರು. ಸರಕಾರ ತನಿಖೆ ನಡೆಸಿತು. ಕೆಲವು ಆಸ್ಪತ್ರೆಗಳ ಪರವಾನಗಿ ರದ್ದು ಮಾಡುವ ಆದೇಶವೂ ಹೊರಟಿತು. ಆದರೂ ನ್ಯಾಯ ಸಿಗಲಿಲ್ಲ ಎಂದು 2017ರ ಫೆಬ್ರವರಿಯಲ್ಲಿ ಆ ಮಹಿಳೆಯರು ಕಲಬುರಗಿಯ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಪ್ರತಿಭಟನೆಗೆ ಇಳಿದರು.

ಕಲಬುರಗಿ ನಮಗೆ ದೂರ ಅಂದುಕೊಳ್ಳಬೇಡಿ. ನಮ್ಮದೇ ಚಿಕ್ಕಮಗಳೂರು ಜಿಲ್ಲೆಯ ಬೀರೂರಿನಲ್ಲೂ ಬಡ ದಲಿತ, ಲಂಬಾಣಿ ಮಹಿಳೆಯರಿಗೆ ಇಂಥದೇ ಆಪರೇಶನ್ ದೊಡ್ಡ ಸಂಖ್ಯೆಯಲ್ಲಿ ಮಾಡಿದ್ದಾರೆ ಎಂಬ ದೂರು ಎದ್ದಿತ್ತು.

ಬೇರೆ ರಾಜ್ಯಗಳಲ್ಲೂ ಹೀಗೇ ಆಗಿದೆ. ಬಿಹಾರ, ಛತ್ತೀಸಗಡ, ರಾಜಸ್ಥಾನಗಳಲ್ಲಿ ವಿಮೆ ಕಾರ್ಡಿನ ಹಣಕ್ಕಾಗಿ ಬಡ ಹೆಂಗಸರ ಗರ್ಭಕೋಶ ತೆಗೆದ ಆರೋಪ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಕತೆ 2019ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಮುಟ್ಟಿನ ದಿನ ಕೆಲಸ ತಪ್ಪಿದರೆ ಕೂಲಿ ಹೋಗ್ತದೆ ಎಂದು ಎಷ್ಟೋ ಮಂದಿ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡಿದ್ದರು.

ಹೆಣ್ಣುಮಕ್ಕಳು ಯಾಕೆ ಒಪ್ಪುತ್ತಾರೆ?

ಬೀಡಿನ ಕಬ್ಬಿನ ಗದ್ದೆಗೂ ನಮ್ಮ ಕಾಫಿ ತೋಟಕ್ಕೂ ಬಹಳ ವ್ಯತ್ಯಾಸ ಇಲ್ಲ. ಮೂಡಿಗೆರೆ, ಕಳಸ ಕಡೆಯ ಲೈನ್ ಮನೆಯ ಒಬ್ಬ ಅಕ್ಕ ಅಂತ ಇಟ್ಟುಕೊಳ್ಳಿ. ವಯಸ್ಸು ಮೂವತ್ತೈದು, ಎರಡು ಮಕ್ಕಳಾಗಿದೆ. ಹಣ್ಣು ಕುಯ್ಯುವ ಕಾಲ. ಕುಯ್ದಷ್ಟು ಕಿಲೋಗೆ ದುಡ್ಡು. ತಿಂಗಳಿಗೆ ಎಂಟು ದಿನ ವಿಪರೀತ ರಕ್ತಸ್ರಾವ. ತೋಟದಲ್ಲಿ ಬಟ್ಟೆ ಬದಲಾಯಿಸಲು ಜಾಗ ಇಲ್ಲ, ಶೌಚಾಲಯ ಇಲ್ಲ. ಮೂಟೆ ಹೊತ್ತು ಹೊತ್ತು ಸೊಂಟ ಬಿದ್ದುಹೋಗಿದೆ. ಪೇಟೆಯ ಆಸ್ಪತ್ರೆಗೆ ಹೋದರೆ ಸ್ಕ್ಯಾನಿಂಗ್ ಮಾಡಿ ‘ಗೆಡ್ಡೆ ಇದೆ, ತೆಗೆಸಿಬಿಡಿ’ ಅನ್ನುತ್ತಾರೆ. ಮನೆಯಲ್ಲಿ ‘ಮಕ್ಕಳಾಯ್ತಲ್ಲ, ಇನ್ನು ಅದು ಇದ್ದು ಏನು ಪ್ರಯೋಜನ?’ ಅನ್ನುತ್ತಾರೆ. ಪಕ್ಕದ ಮನೆಯವಳೂ ತೆಗೆಸಿಕೊಂಡಿದ್ದಾಳೆ. ಈ ಅಕ್ಕನಿಗೂ ‘ಒಂದು ಸಲ ಹೋಗಿಬಿಡಲಿ, ಪೀಡೆ ಕಳೀಲಿ’ ಅನ್ನಿಸುತ್ತದೆ.

ಅವಳ ಕಷ್ಟ ಸುಳ್ಳಲ್ಲ. ಅವಳು ಪೆದ್ದಿಯೂ ಅಲ್ಲ. ಆದರೆ ಅವಳಿಗೆ ಬೇರೆ ದಾರಿ ಇದೆ ಎಂದು ಯಾರೂ ಹೇಳಿಲ್ಲ. ತೆಗೆಸಿಕೊಂಡ ಮೇಲೆ ಏನಾಗ್ತದೆ ಅಂತಲೂ ಹೇಳಿಲ್ಲ. ಗೊತ್ತಿಲ್ಲದೆ ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆ ಅನ್ನಬಹುದೇ? ಈ ಪಾಠದ ಮುಖ್ಯ ಪ್ರಶ್ನೆ ಇದೇ.

ಗರ್ಭಕೋಶದ ಬಗ್ಗೆ ನಮಗೆ ಗೊತ್ತಿರಬೇಕಾದದ್ದು

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ನೂರು ಮಹಿಳೆಯರಲ್ಲಿ ಸುಮಾರು 3 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಹೆಚ್ಚಿನವು ಖಾಸಗಿ ಆಸ್ಪತ್ರೆಗಳಲ್ಲಿ ಆದ ಆಪರೇಶನ್‌ಗಳು.

ಈ ಆಪರೇಶನ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಕ್ಯಾನ್ಸರ್ ಇದ್ದರೆ, ಹೆರಿಗೆಯ ನಂತರ ರಕ್ತ ನಿಲ್ಲದೆ ಜೀವಕ್ಕೆ ಅಪಾಯ ಬಂದರೆ, ಗರ್ಭಕೋಶ ಪೂರ್ತಿ ಕೆಳಗೆ ಜಾರಿದರೆ, ದೊಡ್ಡ ಗೆಡ್ಡೆಯಿಂದ ರಕ್ತಸ್ರಾವ ಆಗಿ ಯಾವ ಔಷಧಿಗೂ ಬಗ್ಗದಿದ್ದರೆ ಇದು ಬೇಕಾಗುತ್ತದೆ. ಆಗ ಹೆದರಿ ಮುಂದೂಡುವುದೂ ತಪ್ಪು.

ಆದರೆ ಬಿಳಿ ಸೆರಗಿಗೆ, ಸೊಂಟನೋವಿಗೆ ಗರ್ಭಕೋಶ ತೆಗೆಯುವುದು ಮದ್ದಲ್ಲ. ವಾಸನೆ, ತುರಿಕೆ ಇರುವ ಬಿಳಿ ಸೆರಗು ಸಾಮಾನ್ಯವಾಗಿ ಸೋಂಕಿನಿಂದ ಬರುತ್ತದೆ, ಮಾತ್ರೆಯಿಂದ ಗುಣವಾಗುತ್ತದೆ. ಕೆಲವೊಮ್ಮೆ ಗಂಡನೂ ಔಷಧಿ ತೆಗೆದುಕೊಳ್ಳಬೇಕಾಗುತ್ತದೆ. ಸೊಂಟನೋವಿಗೆ ಭಾರ ಹೊರುವುದು, ಬಗ್ಗಿ ಕೆಲಸ ಮಾಡುವುದು ಕಾರಣ ಇರಬಹುದು. ಅತಿ ರಕ್ತಸ್ರಾವಕ್ಕೂ ಮೊದಲು ಮಾತ್ರೆ ಇದೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ ಇದೆ. ಕೆಲವರಿಗೆ ಗೆಡ್ಡೆಯನ್ನಷ್ಟೇ ತೆಗೆಯಬಹುದು. ಚಿಕ್ಕ ಗೆಡ್ಡೆಗಳು ಬಹಳ ಮಹಿಳೆಯರಲ್ಲಿ ಇರುತ್ತವೆ. ಅವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ತೊಂದರೆ ಕೊಡದಿದ್ದರೆ ಹಾಗೇ ಬಿಡಬಹುದು.

ಇನ್ನೊಂದು ವಿಷಯ. ಗರ್ಭಕೋಶದ ಎರಡು ಬದಿಗೆ ಎರಡು ಅಂಡಾಶಯಗಳಿವೆ. ನಮ್ಮ ಮೂಳೆಗೆ, ಹೃದಯಕ್ಕೆ ಬೇಕಾದ ಹಾರ್ಮೋನು ಅಲ್ಲಿಂದಲೇ ಬರುವುದು. ಗರ್ಭಕೋಶದ ಜೊತೆಗೆ ಅವನ್ನೂ ತೆಗೆದರೆ ಮೂವತ್ತೈದು ವರ್ಷದವಳಿಗೆ ಒಂದೇ ದಿನದಲ್ಲಿ ಮುಟ್ಟು ನಿಂತ ಅಜ್ಜಿಯ ಸ್ಥಿತಿ ಬರುತ್ತದೆ. ಮೈ ಬಿಸಿಯೇರುವುದು, ನಿದ್ದೆ ಬಾರದಿರುವುದು, ಮೂಳೆ ಸವೆಯುವುದು, ಹೃದಯದ ಕಾಯಿಲೆಯ ಅಪಾಯ ಹೆಚ್ಚುವುದು ಎಲ್ಲ ಬೇಗ ಶುರುವಾಗುತ್ತದೆ. ಕೆಲಸ ತಪ್ಪಬಾರದು ಎಂದು ಆಪರೇಶನ್ ಮಾಡಿಸಿಕೊಂಡವಳು ಕೊನೆಗೆ ಕೆಲಸಕ್ಕೇ ಹೋಗಲಾರದ ಹಾಗೆ ಆಗಬಹುದು.

ಕ್ಯಾನ್ಸರಿನ ಹೆದರಿಕೆ ಇದ್ದರೆ ಅದಕ್ಕೆ ಪರೀಕ್ಷೆ ಇದೆ. 30 ವರ್ಷ ದಾಟಿದವರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆ ಮಾಡುವ ಸರಕಾರಿ ಕಾರ್ಯಕ್ರಮ ಇದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ, ಗಂಡ ಹೆಂಡತಿ ಸೇರಿದಾಗ ರಕ್ತ ಕಂಡರೆ ನಾಚಿಕೆ ಮಾಡದೆ ಕೂಡಲೇ ಡಾಕ್ಟರಿಗೆ ತೋರಿಸಿ.

ಕಾನೂನು ಏನು ಹೇಳುತ್ತದೆ?

1995ರ ಮೇ ತಿಂಗಳಲ್ಲಿ ಸಮೀರಾ ಕೊಹ್ಲಿ ಎಂಬ 44 ವರ್ಷದ ಅವಿವಾಹಿತ ಮಹಿಳೆ ರಕ್ತಸ್ರಾವದ ತೊಂದರೆಗಾಗಿ ದೆಹಲಿಯಲ್ಲಿ ಡಾಕ್ಟರ ಬಳಿಗೆ ಹೋದರು. ಹೊಟ್ಟೆಯೊಳಗೆ ದುರ್ಬೀನು ಹಾಕಿ ಪರೀಕ್ಷೆ ಮಾಡುವುದೆಂದು ತೀರ್ಮಾನವಾಯಿತು. ಅರಿವಳಿಕೆ ಕೊಟ್ಟು ಅವರು ಪ್ರಜ್ಞೆ ಇಲ್ಲದೆ ಮಲಗಿದ್ದಾಗ ಹೊರಗೆ ಕುಳಿತಿದ್ದ ಅವರ ತಾಯಿಯಿಂದ ಒಪ್ಪಿಗೆ ಪಡೆದರು. ಗರ್ಭಕೋಶ, ಅಂಡಾಶಯ ಎಲ್ಲವನ್ನೂ ತೆಗೆದರು. ಎಚ್ಚರವಾದ ಮೇಲೆಯೇ ಅವರಿಗೆ ವಿಷಯ ತಿಳಿದದ್ದು. ಅವರು ಸುಮ್ಮನಾಗಲಿಲ್ಲ, ಸುಪ್ರೀಂ ಕೋರ್ಟಿನವರೆಗೆ ಹೋದರು. 2008ರ ಜನವರಿ 16ರಂದು ತೀರ್ಪು ಬಂತು. ಆ ತೀರ್ಪಿನ ಮುಖ್ಯ ಅಂಶಗಳು ಇವು:

1. ರೋಗಿ ವಯಸ್ಕಳಾಗಿದ್ದು ಬುದ್ಧಿ ಸ್ವಾಧೀನದಲ್ಲಿದ್ದರೆ ಒಪ್ಪಿಗೆ ಕೊಡಬೇಕಾದವಳು ಅವಳೇ. ತಾಯಿಯ ಒಪ್ಪಿಗೆ ಅವಳ ಒಪ್ಪಿಗೆಗೆ ಸಮ ಆಗುವುದಿಲ್ಲ.

2. ಪರೀಕ್ಷೆಗೆ ಒಪ್ಪಿದರೆ ಆಪರೇಶನ್ನಿಗೆ ಒಪ್ಪಿದ ಹಾಗಲ್ಲ. ಒಂದು ಆಪರೇಶನ್ನಿಗೆ ಒಪ್ಪಿದರೆ ಇನ್ನೊಂದಕ್ಕೆ ಒಪ್ಪಿದ ಹಾಗಲ್ಲ.

3. ಕಾಯಿಲೆ ಏನು, ಚಿಕಿತ್ಸೆ ಏನು, ಅದರ ಅಪಾಯ ಏನು, ಬೇರೆ ದಾರಿ ಏನಿದೆ, ಮಾಡಿಸದಿದ್ದರೆ ಏನಾಗ್ತದೆ ಎಂಬುದನ್ನು ಡಾಕ್ಟರು ಮೊದಲೇ ತಿಳಿಸಬೇಕು.

4. ಜೀವಕ್ಕೆ ಅಪಾಯ ಇದ್ದು ಕಾಯಲು ಸಮಯವಿಲ್ಲದಿದ್ದರೆ ಮಾತ್ರ ಒಪ್ಪಿಗೆ ಇಲ್ಲದೆ ಚಿಕಿತ್ಸೆ ಮಾಡಬಹುದು.

ಆ ಆಪರೇಶನ್ನಿನ ಫೀಸು ಕೊಡಬೇಕಾಗಿಲ್ಲ, ಮೇಲೆ 25,000 ರೂಪಾಯಿ ಪರಿಹಾರ ಕೊಡಬೇಕು ಎಂದು ಕೋರ್ಟು ಹೇಳಿತು. ಹಣ ದೊಡ್ಡದಲ್ಲ. ಆದರೆ ಹೆಣ್ಣಿನ ಶರೀರದ ಮೇಲೆ ಅವಳದೇ ಮಾತು ಎಂಬುದು ಕಾನೂನಾಗಿ ನಿಂತಿತು.

‘ಹಾಗಾದರೆ ಗಂಡನ ಸಹಿ?’ ಎಂದು ನೀವು ಕೇಳಬಹುದು. ವೈದ್ಯರ ನಡವಳಿಕೆಗೆ 2002ರಲ್ಲಿ ಮಾಡಿದ ನಿಯಮಗಳಿವೆ. ಮುಂದೆ ಮಕ್ಕಳಾಗದಂತೆ ಮಾಡುವ ಆಪರೇಶನ್ನಿಗೆ ಗಂಡ ಹೆಂಡತಿ ಇಬ್ಬರ ಒಪ್ಪಿಗೆಯನ್ನೂ ಆ ನಿಯಮ ಕೇಳುತ್ತದೆ. ಆದ್ದರಿಂದ ಆಸ್ಪತ್ರೆಯವರು ಗಂಡನ ಸಹಿ ಕೇಳಿದರೆ ಅದು ತಪ್ಪಲ್ಲ. ಆದರೆ ಗಂಡನ ಸಹಿ ಒಂದೇ ಇದ್ದರೆ ಸಾಲದು. ನಿಮ್ಮ ಸಹಿ ಬೇಕೇ ಬೇಕು.

2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು. ರಾಜಸ್ಥಾನದ ಡಾ. ನರೇಂದ್ರ ಗುಪ್ತ ಅವರು ಅನಗತ್ಯ ಗರ್ಭಕೋಶ ಆಪರೇಶನ್‌ಗಳ ವಿರುದ್ಧ 2013ರಲ್ಲಿ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಅದು. ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಕೋರ್ಟು ಆಜ್ಞೆ ಮಾಡಿತು. ಅನಗತ್ಯವಾಗಿ ಅಥವಾ ತಿಳಿಸಿ ಪಡೆದ ಒಪ್ಪಿಗೆ ಇಲ್ಲದೆ ಈ ಆಪರೇಶನ್ ಮಾಡಿದ ಆಸ್ಪತ್ರೆಗಳನ್ನು ಕಪ್ಪುಪಟ್ಟಿಗೆ ಸೇರಿಸಬೇಕು ಎಂದೂ ಹೇಳಿತು.

ನರ್ಸ್‌ಗಳ ಕರ್ತವ್ಯ

ಡಾಕ್ಟರು ಬಂದು ಎರಡು ನಿಮಿಷ ಮಾತಾಡಿ ಹೋಗುತ್ತಾರೆ. ಉಳಿದ ಹೊತ್ತೆಲ್ಲ ನಮ್ಮ ಹತ್ತಿರ ಇರುವವರು ನರ್ಸ್‌ಗಳು. ಒಪ್ಪಿಗೆ ಪತ್ರ ತರುವವರು ಅವರು. ಎಷ್ಟೋ ಕಡೆ ಸಾಕ್ಷಿಯಾಗಿ ಸಹಿ ಹಾಕುವವರೂ ಅವರೇ. ಈ ಬೆಟ್ಟಗಳ ಎಷ್ಟೋ ಹೆಣ್ಣುಮಕ್ಕಳು ನರ್ಸಿಂಗ್ ಕಲಿತು ಮಂಗಳೂರು, ಬೆಂಗಳೂರಿನ ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದಾರೆ. ಆದ್ದರಿಂದ ಈ ಮಾತು ನಿಮ್ಮ ಮಗಳಿಗೂ, ಸೊಸೆಗೂ ಸೇರಿದ್ದು.

ಚಿಕಿತ್ಸೆಯನ್ನು ವಿವರಿಸುವ ಹೊಣೆ ಡಾಕ್ಟರದು. ಆದರೆ ರೋಗಿಗೆ ಅರ್ಥ ಆಗಿಲ್ಲ ಎಂದು ಗೊತ್ತಾದಾಗ ‘ಡಾಕ್ಟರೇ, ಅವರಿಗೆ ಇನ್ನೊಮ್ಮೆ ಹೇಳಿ’ ಎನ್ನುವುದು ನರ್ಸಿನ ಧರ್ಮ. ಖಾಲಿ ಬಿಟ್ಟ ಪತ್ರಕ್ಕೆ ಸಹಿ ಹಾಕಿಸಬಾರದು. ಅರಿವಳಿಕೆಯ ಅಥವಾ ನಿದ್ದೆಯ ಮದ್ದು ಕೊಟ್ಟ ಮೇಲೆ ಸಹಿ ಕೇಳಬಾರದು. ತಾನು ಕಾಣದ ವಿಷಯಕ್ಕೆ ಸಾಕ್ಷಿ ಹಾಕಬಾರದು. ರೋಗಿಯ ಕಾಯಿಲೆಯ ವಿಷಯ ಊರಿನವರಿಗೆ, ನೆಂಟರಿಗೆ ಹೇಳಬಾರದು. ಗಂಡು ಡಾಕ್ಟರು ಹೆಣ್ಣನ್ನು ಪರೀಕ್ಷಿಸುವಾಗ ಜೊತೆಗೆ ಒಬ್ಬ ಹೆಂಗಸು ಇರಬೇಕು ಎಂಬುದು ರೋಗಿಯ ಹಕ್ಕು. ಪರದೆ ಎಳೆಯುವುದು, ಮೈ ಮುಚ್ಚುವುದು, ಮೆಲ್ಲಗೆ ಮಾತಾಡುವುದು ಕೂಡ ಶುಶ್ರೂಷೆಯ ಭಾಗವೇ.

ನಾವೂ ಒಂದು ಮಾತು ನೆನಪಿಡಬೇಕು. ಒಬ್ಬ ನರ್ಸ್ ರಾತ್ರಿ ಇಡೀ ವಾರ್ಡನ್ನೇ ನೋಡಿಕೊಳ್ಳಬೇಕಾಗುವ ಆಸ್ಪತ್ರೆಗಳೂ ಇವೆ. ಆಸ್ಪತ್ರೆಯ ತಪ್ಪಿಗೆ ಅವರ ಮೇಲೆ ಕೂಗಾಡುವುದು ನ್ಯಾಯ ಅಲ್ಲ. ಗೌರವದಿಂದ ಕೇಳಿದರೆ ಹೆಚ್ಚಿನವರು ಸಹಾಯ ಮಾಡ್ತಾರೆ.

ಸಹಿ ಹಾಕುವ ಮೊದಲು ಕೇಳಬೇಕಾದ ಏಳು ಪ್ರಶ್ನೆಗಳು

1. ನನ್ನ ಕಾಯಿಲೆಯ ಹೆಸರು ಏನು? ಯಾವ ಪರೀಕ್ಷೆಯಿಂದ ಗೊತ್ತಾಯಿತು?

2. ಏನು ತೆಗೀತೀರಿ? ಗರ್ಭಕೋಶ ಮಾತ್ರವೋ, ಅಂಡಾಶಯವೂ ಸೇರಿಯೋ?

3. ಔಷಧಿಯಿಂದ ಅಥವಾ ಬೇರೆ ರೀತಿಯಿಂದ ಗುಣ ಆಗುವುದಿಲ್ಲವೇ?

4. ಈಗಲೇ ಮಾಡಿಸದಿದ್ದರೆ ಏನಾಗ್ತದೆ? ಒಂದು ತಿಂಗಳು ಕಾಯಬಹುದೇ?

5. ಆಪರೇಶನ್ನಿನ ಅಪಾಯ ಏನು? ಮುಂದೆ ಏನು ತೊಂದರೆ ಬರಬಹುದು?

6. ಎಷ್ಟು ದಿನ ಭಾರ ಎತ್ತಬಾರದು? ಎಷ್ಟು ಖರ್ಚು? ಆಯುಷ್ಮಾನ್ ಕಾರ್ಡು ನಡೀತದಾ?

7. ಇನ್ನೊಬ್ಬ ಡಾಕ್ಟರಿಗೆ ತೋರಿಸಲು ನನ್ನ ರಿಪೋರ್ಟು ಕೊಡ್ತೀರಾ?

ಕೊನೆಯ ಪ್ರಶ್ನೆ ಕೇಳಲು ಸಂಕೋಚ ಬೇಡ. ಇನ್ನೊಬ್ಬರ ಸಲಹೆ ಪಡೆಯುವುದು ರೋಗಿಯ ಹಕ್ಕು. ಖಾಸಗಿಯಲ್ಲಿ ಆಪರೇಶನ್ ಹೇಳಿದರೆ ಮೂಡಿಗೆರೆಯ ತಾಲ್ಲೂಕು ಆಸ್ಪತ್ರೆಯಲ್ಲೋ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲೋ ಹೆಂಗಸರ ಡಾಕ್ಟರಿಗೆ ಒಮ್ಮೆ ತೋರಿಸಿ. ಪತ್ರ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿ. ತಮಿಳು, ತುಳು, ಲಂಬಾಣಿ ಮಾತಾಡುವ ಸಹೋದರಿಯರು ಎರಡೂ ಭಾಷೆ ಬಲ್ಲ ಒಬ್ಬರನ್ನು ಕರೆದುಕೊಂಡು ಹೋಗಿ. ಹೆಬ್ಬೆಟ್ಟು ಒತ್ತುವವರಿಗೂ ಇದೇ ಹಕ್ಕು ಇದೆ. ಸಹಿ ಹಾಕಿದ ಮೇಲೂ ಆಪರೇಶನ್ನಿಗೆ ಮುಂಚೆ ‘ಬೇಡ’ ಅನ್ನಬಹುದು.

ಕಾಗದ ಜೋಪಾನ, ತೊಂದರೆಯಾದರೆ ಎಲ್ಲಿಗೆ?

ಸ್ಕ್ಯಾನಿಂಗ್ ರಿಪೋರ್ಟು, ಡಿಸ್ಚಾರ್ಜ್ ಚೀಟಿ, ಬಿಲ್ಲು ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ. ನಮ್ಮ ಮಳೆಗಾಲಕ್ಕೆ ಕಾಗದ ಬೂಷ್ಟು ಹಿಡಿದು ಹಾಳಾಗ್ತದೆ. ಒಳರೋಗಿಯ ದಾಖಲೆಗಳನ್ನು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು 2002ರ ನಿಯಮ ಹೇಳುತ್ತದೆ. ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಿ.

ಖಾಸಗಿ ಆಸ್ಪತ್ರೆಯ ಮೇಲೆ ದೂರು ಇದ್ದರೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಮಟ್ಟದ ಪ್ರಾಧಿಕಾರ ಇದೆ. ಅರ್ಜಿ ಕೊಡಲು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಸರಕಾರಿ ಆಸ್ಪತ್ರೆಯ ಬಗ್ಗೆಯೂ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬರೆಯಬಹುದು. ಹಣ ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ಲೋಪ ಆದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಲಾಯರಿಗೆ ಕೊಡಲು ದುಡ್ಡಿಲ್ಲ ಎಂದು ಕೈ ಕಟ್ಟಿ ಕೂರಬೇಡಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಸಂಘದಲ್ಲಿ ಮಾಡಿ ನೋಡಿ

ಇಬ್ಬರು ಸದಸ್ಯೆಯರು ಎದ್ದು ಹೀಗೆ ಅಭಿನಯಿಸಿ:

ನರ್ಸ್: ಅಮ್ಮಾ, ಬೇಗ ಇಲ್ಲಿ ಸಹಿ ಹಾಕಿ. ಡಾಕ್ಟ್ರು ಕಾಯ್ತಿದ್ದಾರೆ.

ಮಹಿಳೆ: ಹಾಕ್ತೇನೆ ಸಿಸ್ಟರ್. ಇದ್ರಲ್ಲಿ ಎಂತ ಬರ್ದಿದೆ ಅಂತ ಒಂದ್ಸಲ ಓದಿ ಹೇಳ್ತೀರಾ? ನಂಗೆ ಇಂಗ್ಲಿಷ್ ಬರುದಿಲ್ಲ.

ನರ್ಸ್: ಗರ್ಭಕೋಶ ತೆಗೆಯೋಕೆ ಒಪ್ಪಿಗೆ ಅಂತ ಬರ್ದಿದೆ.

ಮಹಿಳೆ: ಅಂಡಾಶಯನೂ ತೆಗೀತಾರಾ?

ನರ್ಸ್: ಅದು ಡಾಕ್ಟ್ರನ್ನೇ ಕೇಳ್ಬೇಕು.

ಮಹಿಳೆ: ಹಾಗಾದ್ರೆ ಡಾಕ್ಟ್ರ ಹತ್ರ ಒಂದೈದು ನಿಮಿಷ ಮಾತಾಡ್ಸಿ ಸಿಸ್ಟರ್. ಅವ್ರು ಹೇಳಿದ್ಮೇಲೆ ಹಾಕ್ತೇನೆ.

ಇಷ್ಟು ಮಾತು ಬಾಯಿಗೆ ಬರಬೇಕಾದರೆ ಮೊದಲು ಸಂಘದಲ್ಲಿ ಆಡಿ ಅಭ್ಯಾಸ ಆಗಬೇಕು. ಆಸ್ಪತ್ರೆಯ ಮಂಚದ ಮೇಲೆ ಒಂಟಿಯಾಗಿದ್ದಾಗ ಹೊಸದಾಗಿ ಧೈರ್ಯ ಹುಟ್ಟುವುದಿಲ್ಲ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ಗರ್ಭಕೋಶದ ಆಪರೇಶನ್ ಆದವರು ಎಷ್ಟು ಮಂದಿ? ಹೇಳಲು ಇಷ್ಟ ಇದ್ದವರು ಮಾತ್ರ ಹೇಳಲಿ. ಯಾರನ್ನೂ ಒತ್ತಾಯ ಮಾಡಬೇಡಿ, ಕೇಳಿದ್ದನ್ನು ಹೊರಗೆ ಆಡಬೇಡಿ.

2. ಆಪರೇಶನ್ನಿಗೆಂದು ಸದಸ್ಯೆ ಸಾಲ ಕೇಳಿದಾಗ ನಾವು ಹಣ ಮಾತ್ರ ಕೊಡುತ್ತೇವೆಯೋ, ಜೊತೆಗೆ ಒಬ್ಬರು ಆಸ್ಪತ್ರೆಗೂ ಹೋಗುತ್ತೇವೆಯೋ?

3. ತೋಟದಲ್ಲಿ ಹೆಂಗಸರಿಗೆ ಶೌಚಾಲಯ, ಬಟ್ಟೆ ಬದಲಿಸುವ ಜಾಗ ಇದೆಯೇ? ಇಲ್ಲದಿದ್ದರೆ ರೈಟರ ಹತ್ತಿರ, ಮಾಲೀಕರ ಹತ್ತಿರ ಮಾತಾಡುವವರು ಯಾರು?

ಮುಂದಿನ ಸಭೆಯಲ್ಲಿ ಒಂದು ನಿರ್ಣಯ ಬರೆಯಿರಿ: ನಮ್ಮ ಸಂಘದ ಯಾವ ಸದಸ್ಯೆಗೆ ಆಪರೇಶನ್ ಹೇಳಿದರೂ ಅವಳು ಬಯಸಿದರೆ ಒಬ್ಬ ಸದಸ್ಯೆ ಅವಳ ಜೊತೆ ಹೋಗುವುದು, ಏಳು ಪ್ರಶ್ನೆಗಳ ಚೀಟಿ ಜೊತೆಗೆ ಒಯ್ಯುವುದು. ನಿರ್ಧಾರ ಅವಳದೇ ಆಗಿರಲಿ, ನಾವು ಪಕ್ಕದಲ್ಲಿ ಇರೋಣ. ನಿರ್ಣಯ ಓದಿ ಹೇಳಿದ ಮೇಲೆ ಎಲ್ಲರೂ ಸಹಿ ಹಾಕಿ.